ಬಿ12 ಕಡಿಮೆ ಇದೆ, ಹಸಿ ಆಯ್ಸ್ಟರ್ (ಸಿಂಪಿ) ತಿನ್ನಲಾ?

ಕೇಳಿದ್ದು: ಸಿಯಾಟಲ್‌ಗೆ ಹೊಸಬಳು. ರಕ್ತ ಪರೀಕ್ಷೆಯಲ್ಲಿ ಬಿ12, ಕಬ್ಬಿಣ ಎರಡೂ ಕಡಿಮೆ ಬಂದಿದೆ. ಆಫೀಸಿನಲ್ಲಿ ಎಲ್ಲರೂ "ಹಸಿ ಆಯ್ಸ್ಟರ್ ತಿನ್ನು, ಬೇಯಿಸಿದರೆ ಸತ್ವ ಹೋಗುತ್ತೆ" ಅಂತಾರೆ. ಮೀನು ತಿನ್ನುತ್ತೇನೆ, ಇದು ಅಭ್ಯಾಸ ಇಲ್ಲ. ತಿಂದವರು ಹೇಳಿ.

ಉತ್ತರ: ನಾನೂ ಇದೇ ಊರು, ಆಗಾಗ ತಿನ್ನುತ್ತೇನೆ. ಆಯ್ಸ್ಟರ್‌ನಲ್ಲಿ ಸತ್ವ ಜಾಸ್ತಿ ಅನ್ನೋದು ನಿಜ. ಇಲ್ಲಿ ಸಿಗುವ ಪೆಸಿಫಿಕ್ ಆಯ್ಸ್ಟರ್‌ನ 100 ಗ್ರಾಂ ಹಸಿ ಮಾಂಸದಲ್ಲಿ ಬಿ12 ಸುಮಾರು 16 ಮೈಕ್ರೋಗ್ರಾಂ ಇರುತ್ತೆ. ದಿನಕ್ಕೆ ನಮಗೆ ಬೇಕಿರುವುದು ಬರೀ 2.4. ಜಿಂಕ್ 16 ಮಿಲಿಗ್ರಾಂ ಮೇಲೆ, ಪ್ರೋಟೀನ್ 9 ಗ್ರಾಂ, ಕ್ಯಾಲರಿ 80ರ ಆಸುಪಾಸು. ಕಬ್ಬಿಣ ಮಾತ್ರ 5 ಮಿಲಿಗ್ರಾಂ, ಹೆಣ್ಣುಮಕ್ಕಳಿಗೆ ಅದೊಂದೇ ಸಾಲದು. ಹೋಟೆಲಿನಲ್ಲಿ ಸಿಗುವ ಕುಮಾಮೊಟೊ ಅನ್ನೋ ಪುಟ್ಟ ಜಾತಿಯ ಆಯ್ಸ್ಟರ್ ಆದರೆ ಅರ್ಧ ಡಜನ್ ತಿಂದರೂ ಒಂದು ಹಿಡಿ ಮಾಂಸ ಆಗಲ್ಲ, ಬಿಲ್ ಮಾತ್ರ ಜೋರು!

ಆದರೆ ಹಸಿಯೇ ತಿನ್ನಬೇಕು ಅನ್ನೋದು ಸುಮ್ನೆ ಮಾತು. ಜಿಂಕ್, ಕಬ್ಬಿಣ ಬೆಂಕಿಗೆ ಸುಟ್ಟುಹೋಗುವಂಥವಲ್ಲ. ನಾನು ಮನೆಯಲ್ಲಿ ಚಿಪ್ಪನ್ನು ಬ್ರಶ್ಶಿನಿಂದ ಉಜ್ಜಿ ತೊಳೆದು, ಗುಳಿ ಇರುವ ಬದಿ ಕೆಳಗೆ ಮಾಡಿ ಗ್ರಿಲ್ ಮೇಲೆ ಇಡುತ್ತೇನೆ. ಹಾಗಿಟ್ಟರೆ ಒಳಗಿನ ಉಪ್ಪುನೀರು ಚೆಲ್ಲಲ್ಲ, ಮಾಂಸ ಅದರಲ್ಲೇ ಬೇಯುತ್ತೆ. ಬಾಯಿ ಬಿಟ್ಟ ಮೇಲೂ ಮೂರ್ನಾಲ್ಕು ನಿಮಿಷ ಬಿಡಿ. ಬಾಯಿ ಬಿಡದೇ ಇದ್ದದ್ದನ್ನು ಬಿಸಾಕಿ. ಬೆಳ್ಳುಳ್ಳಿ, ಬೆಣ್ಣೆ, ಕಾಳುಮೆಣಸು ಸಾಕು.

ಇನ್ನೊಬ್ಬರು: ಅಕ್ಕ, ನಮ್ಮದು ಕುಮಟಾ. ಅಘನಾಶಿನಿ ಅಳಿವೆಯಲ್ಲಿ ಬೆಳಚು (ಇನ್ನೊಂದು ಬಗೆಯ ಚಿಪ್ಪುಜೀವಿ), ಸಿಂಪಿ ಎರಡೂ ಸಿಗುತ್ತವೆ. ನಮ್ಮ ಮನೆಯಲ್ಲಿ ಯಾವುದನ್ನೂ ಹಸಿ ತಿನ್ನಲ್ಲ, ಬೇಯಿಸಿ ಕಾಯಿತುರಿ ಹಾಕಿ ಸುಕ್ಕಾ ಮಾಡುತ್ತೇವೆ. ಸಿಂಪಿ ನೀರನ್ನು ಸೋಸಿ ಬದುಕುವ ಜೀವಿ, ನೀರಿನಲ್ಲಿದ್ದ ರೋಗಾಣು ಅದರ ಹೊಟ್ಟೆಯಲ್ಲೂ ಇರುತ್ತೆ. ನಿಂಬೆಹುಳಿ, ಹಾಟ್ ಸಾಸ್ ಹಾಕಿದರೆ ವಿಬ್ರಿಯೊ ಅನ್ನೋ ರೋಗಾಣು ಸಾಯಲ್ಲ. 2021ರ ಬೇಸಿಗೆಯಲ್ಲಿ ನಿಮ್ಮ ವಾಷಿಂಗ್ಟನ್ ರಾಜ್ಯದಲ್ಲೇ ಸೆಖೆ ವಿಪರೀತ ಆಗಿ ಕೇಸುಗಳು ಏರಿದ್ದವು. ಬಸುರಿಯರು, ಲಿವರ್ ತೊಂದರೆ ಇರುವವರು, ಸಕ್ಕರೆ ಕಾಯಿಲೆಯವರು ಹಸಿ ಮುಟ್ಟಲೇಬಾರದು.

ಮತ್ತೊಬ್ಬರು: ಬಿ12 ಯಾಕೆ ಕಡಿಮೆ ಅಂತ ಮೊದಲು ಡಾಕ್ಟರ್ ಹತ್ತಿರ ಕೇಳಿ. ಹೊಟ್ಟೆ ಅದನ್ನು ಹೀರಿಕೊಳ್ಳದೇ ಇದ್ದರೆ ಬುಟ್ಟಿಗಟ್ಟಲೆ ತಿಂದರೂ ಅಷ್ಟೇ, ಇಂಜೆಕ್ಷನ್ನೋ ಮಾತ್ರೆಯೋ ಬೇಕಾಗುತ್ತೆ. ರುಚಿ ನೋಡಬೇಕು ಅಂದರೆ ಡಬ್ಬಿಯ ಸ್ಮೋಕ್ಡ್ ಆಯ್ಸ್ಟರ್ ತನ್ನಿ. ಎಣ್ಣೆ ಬಸಿದು ಮೊಟ್ಟೆ ಬುರ್ಜಿಗೆ ಹಾಕಿ, ಉಪ್ಪು ಸ್ವಲ್ಪ ಹಿಡಿತದಲ್ಲಿರಲಿ.