ಟೆಲಿಜೋನಿಯಾ ರೀಲು ಸಿಕ್ಕಿದೆ, ವಾಸನೆ ಹೊಡೀತಿದೆ. ಏನು ಮಾಡಲಿ?

ಜೆರ್ಸಿ ಟೀಚರ್:
ಎಲ್ಲರಿಗೂ ನಮಸ್ಕಾರ. ಇಲ್ಲಿ ನ್ಯೂಜೆರ್ಸಿಯ ಹಳೇ ಸಾಮಾನಿನ ಸಂತೆಯಲ್ಲಿ 16 ಎಂ.ಎಂ. ರೀಲು ಒಂದು 40 ಡಾಲರ್‌ಗೆ ಸಿಕ್ಕಿದೆ. ಡಬ್ಬದ ಮೇಲೆ ‘ಟೆಲಿಜೋನಿಯಾ’ ಅಂತಿದೆ. ಅದೇ, ಅಮೆರಿಕದ ಹಳೇ ಫೋನ್ ಕಂಪನಿ ಬೆಲ್ ಸಿಸ್ಟಮ್‌ನವರು ಶಾಲಾ ಮಕ್ಕಳಿಗೆ ಫೋನ್ ಮಾಡೋದು ಕಲಿಸೋಕೆ ಬಿಲ್ ಬೇರ್ಡ್ ಅವರ ಸೂತ್ರದ ಗೊಂಬೆಗಳನ್ನಿಟ್ಟು ತೆಗೆದ ಚಿತ್ರ. 700 ಅಡಿ ಇರಬಹುದು. ಬಣ್ಣವೆಲ್ಲ ಗುಲಾಬಿಗೆ ತಿರುಗಿದೆ, ಮುಚ್ಚಳ ತೆಗೆದರೆ ವಿನೆಗರ್ ವಾಸನೆ. ಮುಂದಿನ ತಿಂಗಳು ಭಾನುವಾರದ ಕನ್ನಡ ತರಗತಿಯ 14 ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ಪ್ರೊಜೆಕ್ಟರ್ ತಗೊಳ್ಳಲಾ, ಸ್ಕ್ಯಾನ್ ಮಾಡಿಸಲಾ? ಕೈಯಲ್ಲಿರೋದು 200 ಡಾಲರ್. ಅನುಭವ ಇದ್ದವರು ಹೇಳಿ.

ಹಳೇ ರೀಲು:
ಟೀಚರ್, ಪ್ರೊಜೆಕ್ಟರ್ ಆಸೆ ಮೊದಲು ಬಿಡಿ. ವಾಸನೆ ಬಂತು ಅಂದ್ರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ಕೇ ಕೆಡೋಕೆ ಶುರುವಾಗಿದೆ. ಫಿಲ್ಮು ಕುಗ್ಗುತ್ತೆ, ತೂತುಗಳ ಅಂತರ ಕಮ್ಮಿಯಾಗುತ್ತೆ, ಫಿಲ್ಮು ಎಳೆಯೋ ಸ್ಪ್ರಾಕೆಟ್ ಚಕ್ರದ ಹಲ್ಲು ಆ ತೂತಿನ ಅಂಚನ್ನೇ ಕಚ್ಚುತ್ತೆ. ಅಳೆದು ನೋಡಿ. 100 ಫ್ರೇಮ್ ಎಣಿಸಿ, ಎಳೆಯದೆ ಮೇಜಿನ ಮೇಲೆ ಹಾಸಿ. ಸರಿಯಾದ ಫಿಲ್ಮಾದರೆ 762 ಮಿ.ಮೀ. ಬರಬೇಕು. 754ಕ್ಕೆ ಇಳಿದಿದ್ದರೆ ಶೇ 1 ಕುಗ್ಗಿದೆ, ಅಲ್ಲಿಗೆ ಪ್ರೊಜೆಕ್ಟರ್ ಮಾತು ಮುಗೀತು. ಸ್ಟೀಲ್ ಸ್ಕೇಲಲ್ಲೇ ಅಳೀರಿ, ದರ್ಜಿ ಟೇಪು ತಾನೇ ಹಿಗ್ಗಿರುತ್ತೆ.

ಸ್ಕ್ಯಾನ್ ಮಾಡಿಸೋದಾದ್ರೆ ಸ್ಪ್ರಾಕೆಟ್ ಇಲ್ಲದ ಯಂತ್ರದಲ್ಲೇ ಆಗಲಿ. ಖರ್ಚು ಹಾಕಿ ನೋಡಿ: ಅಡಿಗೆ 30 ಸೆಂಟ್ ಹಿಡಿದರೂ 700 ಅಡಿಗೆ 210 ಡಾಲರ್. ಮೇಲೆ ಕ್ಲೀನಿಂಗ್, ಹೋಗಿ ಬರೋ ಕೊರಿಯರ್, ಹಾರ್ಡ್ ಡಿಸ್ಕ್. ಸಣ್ಣ ಆರ್ಡರ್ ಅಂತ ಮಿನಿಮಮ್ ಚಾರ್ಜ್ ಬೇರೆ ಹಾಕ್ತಾರೆ. ಎಲ್ಲರೂ ಎಡವೋದು ಇಲ್ಲಿ: ‘ಫ್ಲಾಟ್’ (ಬಣ್ಣ ತಿದ್ದದ) ಸ್ಕ್ಯಾನ್ ಬೇಕು ಅಂತ ಬರೆದು ಕೊಡಲ್ಲ. ಅವರು ತಾವೇ ಬಣ್ಣ ತಿದ್ದಿ ಕೊಡ್ತಾರೆ, ಮುಖಗಳೆಲ್ಲ ಸುಣ್ಣ ಬಳಿದ ಹಾಗೆ ಕಾಣುತ್ತೆ, ವಾಪಸ್ ತಿದ್ದೋಕೆ ಏನೂ ಉಳಿದಿರಲ್ಲ. ಫ್ರೇಮಿನ ಆಚೆಗೂ ಅಂಚಿನವರೆಗೂ ಸ್ಕ್ಯಾನ್ ಆಗಲಿ. ಆಗ ಸೌಂಡ್ ಪಟ್ಟಿಯೂ ಚಿತ್ರದಲ್ಲೇ ಬರುತ್ತೆ, ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಎಇಒ-ಲೈಟ್ ಅನ್ನೋ ಪುಕ್ಕಟೆ ತಂತ್ರಾಂಶ ಆ ಚಿತ್ರದಿಂದಲೇ ಧ್ವನಿ ಓದಿಕೊಡುತ್ತೆ.

ಈಕಿ ಪಾರ್ಟಿ:
ವಾಸನೆ ಬಂದ ತಕ್ಷಣ ತಿಥಿ ಮಾಡೋರು ಬಂದ್ರು ನೋಡಿ. ಶೇ 0.8ರೊಳಗೆ ಕುಗ್ಗಿದ ಫಿಲ್ಮು ಒಳ್ಳೇ ಈಕಿ ಕಂಪನಿಯ ಸ್ಲಾಟ್ ಲೋಡ್ ಪ್ರೊಜೆಕ್ಟರ್‌ನಲ್ಲಿ (ಫಿಲ್ಮನ್ನ ಪಕ್ಕದಿಂದ ಸೀಳಿನೊಳಗೆ ಇಳಿಸೋದು) ಸಲೀಸಾಗಿ ಓಡುತ್ತೆ. ಸದ್ದು ಬದಲಾಯ್ತು ಅನ್ನಿಸಿದ್ರೆ ಅರ್ಧದಲ್ಲೇ ನಿಲ್ಲಿಸಿ ಪಕ್ಕಕ್ಕೆ ತೆಗೀಬಹುದು. ಫಿಲ್ಮನ್ನ ತಾನೇ ಒಳಗೆ ಎಳೆದುಕೊಳ್ಳೋ ಆಟೋಲೋಡ್ ಮಾದರಿಗಳಲ್ಲಿ ಅದು ಆಗಲ್ಲ.

ಕೊಳ್ಳುವಾಗ ನೋಡಬೇಕಾದ್ದು: ಬೆಲ್ಟ್ ಅಂಟು ಅಂಟಾಗಿದೆಯಾ, ಸೌಂಡ್ ಪಟ್ಟಿ ಓದೋ ಎಕ್ಸೈಟರ್ ದೀಪ (4 ವೋಲ್ಟ್, 0.75 ಆಂಪ್) ಉರಿಯುತ್ತಾ. ಅದು ಹೋಗಿದ್ರೆ ಚಿತ್ರ ಬರುತ್ತೆ, ಮಾತು ಬರಲ್ಲ; ಮಾರೋರು ‘ಸ್ಪೀಕರ್ ಹೋಗಿದೆ’ ಅಂತ ಸುಳ್ಳು ಬಿಡ್ತಾರೆ. ಲೆನ್ಸಿನ ಮೇಲೆ ಕೆಳಗೆ ಫಿಲ್ಮಿನ ಸಡಿಲ ಸುತ್ತು (ಲೂಪು) ಗುರುತಿಗೆ ಸರಿಯಾಗಿ ಬಿಡಿ. 16 ಎಂ.ಎಂ.ನಲ್ಲಿ ಧ್ವನಿ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತೆ, ಕೆಳಗಿನ ಲೂಪು ಹೆಚ್ಚು ಕಮ್ಮಿಯಾದ್ರೆ ತುಟಿ ಒಂದು ಕಡೆ ಮಾತು ಒಂದು ಕಡೆ. (ಗೊಂಬೆ ಚಿತ್ರ ಆದ್ರೆ ಯಾರಿಗೂ ಗೊತ್ತಾಗಲ್ಲ, ಅದೊಂದು ಅನುಕೂಲ.) ಮೂಕಿ ಪ್ರೊಜೆಕ್ಟರ್ ಅಗ್ಗ ಅಂತ ತಗೋಬೇಡಿ. ಅದಕ್ಕೆ ಎರಡೂ ಬದಿ ಹಲ್ಲು, ನಿಮ್ಮ ಫಿಲ್ಮಿಗೆ ಒಂದೇ ಬದಿ ತೂತು. ಸೌಂಡ್ ಪಟ್ಟಿ ತುಂಬಾ ಹೊಸ ತೂತು ಕೊರೆದು ಕೊಡುತ್ತೆ.

ಹಳೇ ರೀಲು:
0.8 ಅನ್ನೋದು ಹೇಳೋಕೆ ಚೆನ್ನಾಗಿದೆ. ಕುಗ್ಗೋದು ರೀಲಿನುದ್ದಕ್ಕೂ ಒಂದೇ ಸಮ ಇರಲ್ಲ ಸ್ವಾಮಿ. ತಲೆಯಲ್ಲಿ 0.6, ಒಳಗೆ ಗಾಳಿಯಾಡದ ಕಡೆ 1.1. ಅಲ್ಲಿ ತೂತು ಹರಿದ ಮೇಲೆ ‘ನಿಲ್ಲಿಸಿ ತೆಗೀಬಹುದು’ ಅಂತ ಸಮಾಧಾನ ಮಾಡ್ಕೋಬೇಕು ಅಷ್ಟೆ.

ಈಕಿ ಪಾರ್ಟಿ:
ಅದಕ್ಕೇ ಮೂರು ಕಡೆ ಅಳೀಬೇಕು: ತಲೆ, ನಡು, ಬಾಲ. ನೀವು ಒಂದೇ ಕಡೆ ಅಳೀರಿ ಅಂದ್ರಲ್ಲ, ಅದನ್ನ ತಿದ್ದಿಕೊಳ್ಳಿ ಮೊದಲು.

ಕುಡ್ಲದ ಕೇಬಲು:
ಬೆಲ್ ಎಂಡ್ ಹೋವೆಲ್ ಪ್ರೊಜೆಕ್ಟರ್ ಮಾತ್ರ ತೆಗೀಬೇಡಿ ಮಾರಾಯ್ರೆ. ಒಳಗೊಂದು ಪ್ಲಾಸ್ಟಿಕಿನ ವರ್ಮ್ ಗೇರ್ ಉಂಟು, ವಯಸ್ಸಾದಾಗ ತಾನಾಗಿಯೇ ಸೀಳು ಬಿಡ್ತದೆ. ಗೇರಿಗೆ ಕೊಡುವ ದುಡ್ಡು ಸಣ್ಣದು. ಅದನ್ನು ಹಾಕ್ಲಿಕ್ಕೆ ಶಾಫ್ಟ್ ಬಿಚ್ಚಬೇಕು, ಶಟರ್ ಟೈಮಿಂಗ್ ವಾಪಸ್ ಕೂಡಿಸಬೇಕು, ಒಂದು ಹಲ್ಲು ತಪ್ಪಿದರೆ ಬಿಳಿ ಅಕ್ಷರಗಳಿಗೆಲ್ಲ ಬಾಲ ಬರ್ತದೆ. ಗೋಡೆ ಮೇಲೆ ಬಿಟ್ಟು ಮೊಬೈಲಲ್ಲಿ ಶೂಟ್ ಮಾಡುವ ಐಡಿಯಾವೂ ಬೇಡ. ಸಾಮಾನ್ಯ ಪ್ರೊಜೆಕ್ಟರಿನ ಶಟರ್ ಸೆಕೆಂಡಿಗೆ 72 ಸಲ ಮಿಟುಕಿಸ್ತದೆ, ವಿಡಿಯೋ 30 ಫ್ರೇಮ್, ಚಿತ್ರ ಉಸಿರಾಡಿದ ಹಾಗೆ ಕಾಣ್ತದೆ. ಅದಕ್ಕೆಂದೇ ಐದು ಅಲಗಿನ ಶಟರ್ ಬೇರೆ ಉಂಟು.

ಅಷ್ಟಕ್ಕೂ ಇಷ್ಟೆಲ್ಲ ಯಾಕೆ? ಇಂಥ ಹಳೇ ಚಿತ್ರಗಳು ಇಂಟರ್ನೆಟ್ಟಿನ ಪ್ರೆಲಿಂಗರ್ ಸಂಗ್ರಹದಲ್ಲಿ, ಬೆಲ್ ಸಿಸ್ಟಮಿನ ಯಜಮಾನರಾಗಿದ್ದ ಎಟಿ ಎಂಡ್ ಟಿಯವರ ಆರ್ಕೈವ್‌ನಲ್ಲಿ ರಾಶಿ ಉಂಟು. ಇಳಿಸಿಕೊಂಡು ತೋರಿಸಿ, 200 ಡಾಲರ್ ಉಳೀತು. 1927ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿಗೆ ಡಯಲ್ ಬಂದಾಗ ತೆಗೆದ ಮೂಕಿ ಕೂಡ ಸಿಗ್ತದೆ. ಅದು ದೊಡ್ಡವರಿಗೆ, ಆದ್ರೂ ಬೆರಳು ಹೇಗೆ ಇಡಬೇಕು ಅಂತ ಎಷ್ಟು ತಾಳ್ಮೆಯಲ್ಲಿ ತೋರಿಸ್ತಾರೆ!

ಹಳೇ ರೀಲು:
ಇಳಿಸ್ಕೊಳ್ಳೋದೇ ಆದ್ರೆ ಅವರು ಇಲ್ಲಿ ಕೇಳ್ತಾ ಇರಲಿಲ್ಲ.

48 ವೋಲ್ಟು:
ಫಿಲ್ಮಿನವರು ಜಗಳ ಮುಗಿಸೋ ತನಕ ಒಂದು ಮಾತು. ಬೆಲ್ ಕಂಪನಿ ಆ ಚಿತ್ರವನ್ನ ಒಂಟಿಯಾಗಿ ಬಿಟ್ಟಿದ್ದಲ್ಲ. ಶಾಲೆಗಳಿಗೆ ಟೆಲಿಟ್ರೇನರ್ ಅಂತ ಒಂದು ಪೆಟ್ಟಿಗೆ ಎರವಲು ಕೊಡ್ತಿದ್ದರು: ಎರಡು ನಿಜವಾದ ಫೋನು, ನಡುವೆ ಸ್ಪೀಕರ್ ಇರೋ ಕಂಟ್ರೋಲ್ ಡಬ್ಬ. ಟೀಚರ್ ಡಬ್ಬದಿಂದ ರಿಂಗ್ ಮಾಡಿಸ್ತಾರೆ, ಎಂಗೇಜ್ ಟೋನ್ ಕೊಡ್ತಾರೆ, ಇಡೀ ಕ್ಲಾಸಿಗೆ ಮಾತು ಕೇಳುತ್ತೆ. ಮಕ್ಕಳ ಕೈಗೆ ರಿಸೀವರ್ ಕೊಡದೆ ಬರೀ ಚಿತ್ರ ತೋರಿಸಿದ್ರೆ ಅಡುಗೆ ಪುಸ್ತಕ ಓದಿ ಕೈ ತೊಳೆದ ಹಾಗೆ.

ಮನೆಯಲ್ಲೇ ಮಾಡಬಹುದು. ಎರಡು ಡಯಲ್ ಫೋನು, 9 ವೋಲ್ಟಿನ ಎರಡು ಬ್ಯಾಟರಿ, 330 ಓಮ್ ರೆಸಿಸ್ಟರ್ ಒಂದು, ಎಲ್ಲ ಸೀರೀಸ್‌ನಲ್ಲಿ. ಎರಡೂ ಕಡೆ ರಿಸೀವರ್ ಎತ್ತಿದಾಗ 20ರಿಂದ 25 ಮಿಲಿಆಂಪ್ ಹರಿಯುತ್ತೆ, ಮಾತು ಸ್ಪಷ್ಟ. ಗೊರಗೊರ ಅಂದ್ರೆ ಮೌತ್‌ಪೀಸಿನೊಳಗಿನ ಇದ್ದಿಲ ಪುಡಿ ಗಟ್ಟಿಯಾಗಿದೆ, ರಿಸೀವರನ್ನ ಅಂಗೈಗೆ ನಾಲ್ಕು ಸಲ ತಟ್ಟಿ. ಇನ್ನೊಂದು: ಡಯಲ್ ತಿರುಗಿಸಿದವರಿಗೆ ಕಟಕಟ ಕೇಳಲ್ಲ, ಯಾಕಂದ್ರೆ ಡಯಲ್ ಜಾಗ ಬಿಟ್ಟ ಕೂಡಲೇ ಒಳಗಿನ ಕಾಂಟ್ಯಾಕ್ಟ್ ಅವರ ಕಿವಿಯನ್ನ ಮುಚ್ಚುತ್ತೆ. ಆ ಕಡೆ ಮಗುವಿಗೆ ಮಾತ್ರ ಕೇಳುತ್ತೆ. 7 ತಿರುಗಿಸಿದ್ರೆ ಏಳು ಟಕ್. ಎಣಿಸೋಕೆ ಹೇಳಿ, ಕನ್ನಡದ ಅಂಕಿಯೂ ಕಲಿತ ಹಾಗಾಯ್ತು.

ಈ ಜೋಡಣೆಯಲ್ಲಿ ಗಂಟೆ ಬಾರಿಸಲ್ಲ. ಗಂಟೆ ಬೇಕಂದ್ರೆ ಹಳೇ ಪ್ಯಾನಸೋನಿಕ್ ಕೆಎಕ್ಸ್-ಟಿಎ308 ಇಪಿಎಬಿಎಕ್ಸ್ (ಆಫೀಸಿನೊಳಗಿನ ಪುಟ್ಟ ಎಕ್ಸ್‌ಚೇಂಜ್) ಹುಡುಕಿ. ಎಂಟು ಎಕ್ಸ್‌ಟೆನ್ಷನ್, ಪಲ್ಸ್ (ಅದೇ ಆ ಟಕ್ ಟಕ್) ಡಯಲ್ ಒಪ್ಪುತ್ತೆ. ಅಮೆರಿಕದ ಲೈನಿನಲ್ಲಿ ರಿಂಗಿಂಗ್ ಅಂದ್ರೆ 90 ವೋಲ್ಟ್ ಎಸಿ, 20 ಹರ್ಟ್ಸ್. ಮಕ್ಕಳ ಕೈಗೆ ಬರಿ ವಯರ್ ಸಿಗಬಾರದು.

ಹುಬ್ಬಳ್ಳಿ ಎಕ್ಸ್‌ಚೇಂಜ್:
ಬ್ಯಾಟರಿ ಎಲ್ಲಾ ಛಲೋ ಐತಿ, ಆದ್ರ ಡಯಲ್ ಸ್ಪೀಡ್ ನೋಡಿಲ್ಲಲ್ರಿ. 0 ತಿರುಗಿಸಿ ಬಿಟ್ರ ಹೆಚ್ಚು ಕಡಿಮಿ ಒಂದು ಸೆಕೆಂಡಿನ್ಯಾಗ ವಾಪಸ್ ಬರಬೇಕು, ಸೆಕೆಂಡಿಗೆ 10 ಪಲ್ಸ್. ಡಯಲ್ ಸ್ಪೀಡ್ ಹಿಡಿಯೋ ಗವರ್ನರ್‌ನ್ಯಾಗ ಎಣ್ಣಿ ಜಿಡ್ಡುಗಟ್ಟಿದ್ರ ತೂಕಡಿಸ್ಕೋತ ಬರ್ತೈತಿ, ಇಪಿಎಬಿಎಕ್ಸ್ ಅದನ್ನ ನಂಬರ್ ಅಂತ ತಗೊಳ್ಳಂಗಿಲ್ಲ. ಹಳೇ ಎಣ್ಣಿ ಒರೆಸಿ ತೆಗೀರಿ, ಗಡಿಯಾರದ ಎಣ್ಣಿ ಸೂಜಿ ತುದೀಲೆ ಒಂದು ಹನಿ, ಅಷ್ಟ. ಡಬ್ಬಿ ಸ್ಪ್ರೇ ಹೊಡದ್ರ ಕೆಟ್ಟಂಗ.

ಆ ಕಾಲದ ಪಾಠದಾಗ ‘ಟೋನ್ ಬರೂತನ ಕಾಯಿ’, ‘ಡಯಲ್ ಕೈಲೆ ವಾಪಸ್ ದೂಡಬ್ಯಾಡ’ ಅಂತ ಹೇಳತಿದ್ದುದು ಸುಮ್ನ ಶಿಸ್ತಿಗೆ ಅಲ್ಲ. ಸ್ಟ್ರೋಜರ್ ಅನ್ನೋ ಹಳೇ ಯಾಂತ್ರಿಕ ಎಕ್ಸ್‌ಚೇಂಜಿನ್ಯಾಗ ರಿಸೀವರ್ ಎತ್ತಿದ ಮ್ಯಾಲೆ ಖಾಲಿ ಸೆಲೆಕ್ಟರ್ (ನಂಬರ್ ಹಿಡಿದು ಲೈನ್ ಜೋಡಿಸೋ ಸ್ವಿಚ್) ಹುಡುಕಿ ಹಚ್ಚಾಕ ಒಂದೀಟು ಹೊತ್ತು ಬೇಕು. ಟೋನ್ ಬರೂಕಿಂತ ಮೊದಲ ತಿರುಗಿಸಿದ್ರ ಮೊದಲಿನ ಪಲ್ಸ್ ಗಾಳಿಗೆ ಹೋದವು. ಆಮ್ಯಾಲೆ ಒಂದೊಂದು ಅಂಕಿಗೆ ಸೆಲೆಕ್ಟರಿನ ಶಾಫ್ಟ್ ಮ್ಯಾಲೆ ಏರಿ ಅಡ್ಡ ತಿರುಗತೈತಿ. ಬೆರಳಿಂದ ದೂಡಿದ್ರ ಪಲ್ಸ್ ಹತ್ತಿರ ಹತ್ತಿರ ಆಗಿ ಶಾಫ್ಟ್ ಬ್ಯಾರೆ ಮೆಟ್ಟಿಲಿಗೆ ನಿಂದರತೈತಿ. ರಾಂಗ್ ನಂಬರ್! ಬೆಂಗಳೂರಿನ ಐಟಿಐ ಫ್ಯಾಕ್ಟರಿ 1948ರಿಂದ ಇಂಥಾ ಸಾಮಾನ ಮಾಡಿದ್ದು, ನಮ್ಮ ಮಕ್ಕಳಿಗೆ ಯಾರೂ ಗೊಂಬಿ ತಂದು ತೋರಿಸಲಿಲ್ಲ.

ಕುಡ್ಲದ ಕೇಬಲು:
0 ಅಂದ್ರೆ ಹತ್ತು ಪಲ್ಸ್ ಅಂತ ಎಲ್ಲ ಕಡೆಯೂ ಅಲ್ಲ. ಸ್ವೀಡನ್ನಿನಲ್ಲಿ 0ಗೆ ಒಂದೇ ಪಲ್ಸ್, 1ಕ್ಕೆ ಎರಡು ಇತ್ತು.

ಹುಬ್ಬಳ್ಳಿ ಎಕ್ಸ್‌ಚೇಂಜ್:
ಟೀಚರ್ ಅವರು ಸ್ವೀಡನ್‌ದಾಗ ಅದಾರೇನ್ರಿ?

48 ವೋಲ್ಟು:
ನ್ಯೂಜಿಲೆಂಡ್ ಇನ್ನೂ ಮಜಾ. ಅಲ್ಲಿನ ಹಳೇ ಡಯಲ್‌ನಲ್ಲಿ ಅಂಕಿಗಳೇ ತಿರುವುಮುರುವು, 1 ತಿರುಗಿಸಿದ್ರೆ 9 ಪಲ್ಸ್. ಅವರ ತುರ್ತು ನಂಬರ್ 111 ತಂತಿಯ ಮೇಲೆ ಬ್ರಿಟನ್ನಿನ 999ರ ಹಾಗೇ ಹೋಗ್ತಿತ್ತು.

ಈಕಿ ಪಾರ್ಟಿ:
ಇಲ್ಲಿ ಫಿಲ್ಮಿನ ವಿಚಾರ ನಡೀತಿತ್ತು ಅನ್ನೋ ನೆನಪು.

ಜೆರ್ಸಿ ಟೀಚರ್:
ಎಲ್ಲರಿಗೂ ಧನ್ಯವಾದ. ಮೂರು ಕಡೆ ಅಳೆದೆ: ತಲೆ 758, ನಡು 757, ಬಾಲ 757 ಮಿ.ಮೀ. ಸ್ಟೀಲ್ ಸ್ಕೇಲೇ. ಇನ್ನೊಂದು ವಿಷಯ, ಭೂತಗನ್ನಡಿ ಹಿಡಿದು ಫ್ರೇಮ್ ನೋಡಿದೆ. ಗೊಂಬೆ ಎಲ್ಲೂ ಕಾಣ್ತಿಲ್ಲ. ಬಣ್ಣದ ಬಟ್ಟೆ ಹಾಕಿದ ಒಬ್ಬ ಗಂಡಸು, ಸುತ್ತ ಮಕ್ಕಳು.

ಹಳೇ ರೀಲು:
ಅಯ್ಯೋ. ಅದು 1974ರದ್ದು! ಬೆಲ್‌ನವರೇ ನಟರನ್ನಿಟ್ಟು ಮತ್ತೆ ತೆಗೆದದ್ದು. ಮೊದಲು ಅದನ್ನ ಹೇಳೋದಲ್ವಾ ಟೀಚರ್.

ಕುಡ್ಲದ ಕೇಬಲು:
ಕೇಳಬೇಕಾಗಿತ್ತು ನೀವು. ಒಬ್ಬರಾದ್ರೂ ಕೇಳಿದ್ರಾ?

ಈಕಿ ಪಾರ್ಟಿ:
ಶೇ 0.6 ಚಿಲ್ಲರೆ. ಈಕಿಯಲ್ಲಿ ಓಡುತ್ತೆ ಅಂತ ಬರೆದು ಕೊಡ್ತೀನಿ. ಗುಲಾಬಿ ಗುಲಾಬಿಯಾಗೇ ಇರಲಿ, ಈಸ್ಟ್‌ಮನ್ ಬಣ್ಣದಲ್ಲಿ ಹೋಗಿದ್ದು ನೀಲಿ-ಹಸಿರು ಡೈ, ಯಾವ ಸ್ಕ್ಯಾನರೂ ಅದನ್ನ ಹುಟ್ಟಿಸಿ ಕೊಡಲ್ಲ. ಇನ್ನು ಗೊಂಬೆದೇ ಚೆನ್ನಾಗಿತ್ತು ಅಂತ ಅಳೋರು ಶುರುಮಾಡಬಹುದು.

ಹಳೇ ರೀಲು:
ಚೆನ್ನಾಗೇ ಇತ್ತು. ‘ದಿ ಸೌಂಡ್ ಆಫ್ ಮ್ಯೂಸಿಕ್’ನ ಮೇಕೆ ಗೊಂಬೆಗಳೂ ಇದೇ ಬಿಲ್ ಬೇರ್ಡ್ ಅವರವು. ಕುಣಿಯೋ ಗಂಡಸಿಗೂ ಅದಕ್ಕೂ ಎಲ್ಲಿಯ ಸಾಟಿ?

ಹುಬ್ಬಳ್ಳಿ ಎಕ್ಸ್‌ಚೇಂಜ್:
ಗೊಂಬಿ ಕಣ್ಣು ನೋಡಿದ್ರ ದೊಡ್ಡೋರೂ ಅಂಜತಾರ, ಬಿಡ್ರಿ.

ಜೆರ್ಸಿ ಟೀಚರ್:
ಆ 330 ಓಮ್ ರೆಸಿಸ್ಟರ್ ಎಷ್ಟು ವ್ಯಾಟಿನದು ಬೇಕು ಸರ್?

48 ವೋಲ್ಟು:
ಅರ್ಧ ವ್ಯಾಟ್. ಎರಡು ತಗೊಳ್ಳಿ, ಒಂದು ಕಳೆದುಹೋಗುತ್ತೆ.