ಸಹಾಯ ಬೇಕು: ಸ್ಯಾಡಲ್ ಬೇಟೆಗೆ ಮರ ಹತ್ತುವ ವಿಧಾನ ಮತ್ತು ಸಲಕರಣೆಗಳ ಆಯ್ಕೆ

ಮಾನ್ಯರೇ,

ಅಮೆರಿಕದ ಮಿಷಿಗನ್‌ನಲ್ಲಿ ಅಕ್ಟೋಬರ್ 1ರಿಂದ ಆರಂಭವಾಗುವ ಬಿಲ್ಲುಬೇಟೆಯ ಋತುವಿನಲ್ಲಿ, ಸರ್ಕಾರಿ ಕಾಡಿನ ಮರವೊಂದರ ಮೇಲೆ ಸ್ಯಾಡಲ್‌ನಲ್ಲಿ (ಸೊಂಟಕ್ಕೆ ಕಟ್ಟಿಕೊಂಡು, ಹಗ್ಗದಿಂದ ಮರಕ್ಕೆ ಆತು ತೂಗುವ ಪಟ್ಟಿಯ ಆಸನ) ಕುಳಿತು ಬಿಳಿಬಾಲದ ಜಿಂಕೆಗಾಗಿ ಕಾಯಬೇಕೆಂದಿದ್ದೇನೆ. ಸ್ಯಾಡಲ್ ಕೊಂಡಾಗಿದೆ, ಸುಮಾರು 18 ಅಡಿ ಎತ್ತರಕ್ಕೆ ಹತ್ತುವ ವಿಧಾನವನ್ನು ಮಾತ್ರ ಇನ್ನೂ ನಿರ್ಧರಿಸಿಲ್ಲ.

ಇಲ್ಲಿನ ಸರ್ಕಾರಿ ಜಮೀನಿನಲ್ಲಿ ತೊಗಟೆಯನ್ನು ತೂರುವ ತಿರುಪು ಮೆಟ್ಟಿಲುಗಳಿಗೆ ಅವಕಾಶವಿಲ್ಲ. ಹೀಗಾಗಿ ಪಟ್ಟಿಯಿಂದ ಬಿಗಿಯುವ ನಾಲ್ಕು ಕ್ಲೈಂಬಿಂಗ್ ಸ್ಟಿಕ್‌ಗಳನ್ನು (ಮೆಟ್ಟಿಲುಗಳಿರುವ ಗಿಡ್ಡ ಲೋಹದ ಕಂಬಗಳು) ಒಯ್ಯಬಹುದು, ಇಲ್ಲವೇ ಒಂದೇ ಸ್ಟಿಕ್ಕನ್ನು ಹಂತಹಂತವಾಗಿ ಮೇಲಕ್ಕೆ ಸರಿಸುತ್ತ ಹತ್ತಿ, ಬೇಟೆ ಮುಗಿದ ಮೇಲೆ ಹಗ್ಗದ ಮೂಲಕ ಜಾರಿ ಇಳಿಯಬಹುದು. ಮೊದಲನೆಯದರಲ್ಲಿ ಹೊರೆಯೂ ಲೋಹದ ಸದ್ದೂ ಹೆಚ್ಚು. ಎರಡನೆಯದು ಹಗುರವಾದರೂ, ಪ್ರತಿ ಹಂತದಲ್ಲೂ ದೇಹದ ಭಾರವನ್ನು ಟೆದರ್‌ಗೆ (ಸ್ಯಾಡಲ್ಲನ್ನು ಮರಕ್ಕೆ ಕಟ್ಟುವ ಹಗ್ಗ) ಬಿಟ್ಟು ಸ್ಟಿಕ್ ಬಿಚ್ಚಿ ಕಟ್ಟುವ ಕೆಲಸ ಕತ್ತಲೆಯಲ್ಲಿ, ಅದೂ ಕೈಗವಸು ತೊಟ್ಟು, ಎಷ್ಟು ಸುರಕ್ಷಿತ ಎಂಬುದೇ ನನ್ನ ಮುಖ್ಯ ಚಿಂತೆ. ಕವಲಿಗೆ ಮೊದಲೇ ಹಗ್ಗ ಹಾಯಿಸಿ ಹತ್ತುವ ಕ್ರಮವೂ ಇದೆಯಾದರೂ, ಆ ಕವಲು ಗಟ್ಟಿಯಿದೆಯೇ ಎಂದು ನೆಲದಿಂದ ತಿಳಿಯುವುದು ಕಷ್ಟ. ಎಮರಾಲ್ಡ್ ಆಶ್ ಬೋರರ್ ಕೀಟದಿಂದ ಸತ್ತ ಆಶ್ ಮರಗಳು ಇಲ್ಲಿ ಬಹಳವಿದ್ದು, ಅವುಗಳನ್ನಂತೂ ನಾನು ಮುಟ್ಟುವುದಿಲ್ಲ.

ಟೆದರ್‌ಗೆ 8 ಮಿ.ಮೀ. ಹಗ್ಗ ಸಾಕೇ ಅಥವಾ 11 ಮಿ.ಮೀ. ಉತ್ತಮವೇ? ಚಳಿಯಲ್ಲಿ ಪ್ರೂಸಿಕ್ ಗಂಟು (ಭಾರ ಬಿದ್ದಾಗ ಹಗ್ಗವನ್ನು ಬಿಗಿಹಿಡಿಯುವ, ಭಾರವಿಲ್ಲದಾಗ ಸರಿಸಬಹುದಾದ ಗಂಟು) ಸಡಿಲಿಸುವುದು ಸುಲಭವೇ, ಅಥವಾ ಅದರ ಬದಲು ಹಗ್ಗದ ದಪ್ಪಕ್ಕೆ ಸರಿಹೊಂದುವ, ಹಗ್ಗವನ್ನು ಕಚ್ಚಿ ಹಿಡಿಯುವ ಯಾಂತ್ರಿಕ ಸಾಧನವನ್ನು ಕೊಳ್ಳಬೇಕೇ? ನೆಲ ಬಿಟ್ಟ ಕ್ಷಣದಿಂದ ಲೈನ್‌ಮನ್ ಬೆಲ್ಟ್ (ಹತ್ತುವಾಗ ಮರದ ಸುತ್ತ ಹಾಯಿಸಿ ಸೊಂಟದ ಎರಡೂ ಬದಿಗೆ ಸಿಕ್ಕಿಸುವ ಹಗ್ಗ) ಕಟ್ಟಿಕೊಂಡೇ ಹತ್ತುವ ಅನುಭವಿಗಳು, ದಯವಿಟ್ಟು ತಮ್ಮ ಕ್ರಮವನ್ನು ಹಂತಹಂತವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ.