ಇ-ಸಿಗರೇಟಿನ ಜಾಹೀರಾತು ಮತ್ತು ಮರಳಿ ಬರುವ ಸಿಗರೇಟು: ಆನ್‌ಲೈನ್ ಗುಂಪಿನಲ್ಲಿ ಶ್ವಾಸಕೋಶ ತಜ್ಞರೊಂದಿಗೆ ಪ್ರಶ್ನೋತ್ತರ

ತೋಟದ ರೈಟರ್, ಸಕಲೇಶಪುರ: ಡಾಕ್ಟರೇ, ನಾನು ಸಿಗರೇಟು ಬಿಟ್ಟು ಎರಡು ವರ್ಷವಾಗಿತ್ತು. ಮೊಬೈಲಿನಲ್ಲಿ ವೇಪ್ (ಇ-ಸಿಗರೇಟು) ಸೇದುವವರ ರೀಲ್ಸ್ ಒಂದರ ಹಿಂದೊಂದು ಬರತೊಡಗಿದ ಮೇಲೆ ಕೈ ತಾನಾಗಿ ಅಂಗಿಯ ಜೇಬನ್ನು ತಡಕತೊಡಗಿತು. ಪರಿಚಯದವರೊಬ್ಬರು ಪೆನ್ ಡ್ರೈವ್‌ನಂತಿರುವ ವೇಪ್ ಕೊಟ್ಟರು. ಈಗ ಹಗಲು ಅದು, ರಾತ್ರಿ ಊಟವಾದ ಮೇಲೆ ಸಿಗರೇಟು. ಇದು ಜಾಹೀರಾತಿನ ಪ್ರಭಾವವೋ, ನನ್ನ ದೌರ್ಬಲ್ಯವೋ?

ವೈದ್ಯರು, ಹಾಸನ: ಇಂದು ಬಂದ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿರುವುದು ತಮ್ಮದೇ. ಜಾಹೀರಾತು ನೋಡಿದವರಲ್ಲಿ ವೇಪಿಂಗ್ ಹೆಚ್ಚು ಎನ್ನುವ ಸಮೀಕ್ಷೆಗಳಿಂದಷ್ಟೇ ಕಾರಣ ಸಾಬೀತಾಗದು. ಸೇದುವ ಆಸೆ ಇದ್ದವರ ಕಣ್ಣಿಗೇ ಅವು ಹೆಚ್ಚು ಬೀಳಬಹುದು. ಆದರೆ ಅಮೆರಿಕದ ಪ್ರಯೋಗವೊಂದರಲ್ಲಿ, ವೇಪ್ ಸೇದುವ ದೃಶ್ಯವಿದ್ದ ಜಾಹೀರಾತು ನೋಡಿದ ನಿತ್ಯ ಧೂಮಪಾನಿಗಳಿಗೆ, ಆ ದೃಶ್ಯವಿಲ್ಲದ್ದನ್ನು ನೋಡಿದವರಿಗಿಂತ ಸಿಗರೇಟಿನ ಹಂಬಲ ಹೆಚ್ಚಾಯಿತು. ಸಿಗರೇಟು ಬಿಟ್ಟಿದ್ದವರಲ್ಲಿ, ಮತ್ತೆ ಸೇದದೆ ಇರಬಲ್ಲೆವೆಂಬ ಭರವಸೆ ಕುಗ್ಗಿತು. ಮಾರಲು ಹೊರಟಿದ್ದು ವೇಪ್, ಕೆರಳಿದ್ದು ಸಿಗರೇಟಿನ ಆಸೆ. ತಮ್ಮ ಜೇಬು ತಡಕಿದ ಕೈಗೂ ಇದೇ ಆಗಿರಬೇಕು, ಆದ್ದರಿಂದ ದೌರ್ಬಲ್ಯದ ಮಾತು ಬೇಡ. ಎರಡನ್ನೂ ಸೇದುವುದರಿಂದ ಅಪಾಯ ಅರ್ಧವಾಗುವುದಿಲ್ಲ. ದಿನಕ್ಕೆ ಒಂದೆರಡು ಸಿಗರೇಟೂ ಹೃದಯಕ್ಕೆ ಹಾನಿಕರವೇ. 1800-11-2356ಕ್ಕೆ ಕರೆ ಮಾಡಿ, ತಂಬಾಕು ಬಿಡುವವರಿಗಾಗಿ ಇರುವ ಉಚಿತ ಸಹಾಯವಾಣಿ ಅದು. ಸಿಗರೇಟಿನ ಹಂಬಲ ತಗ್ಗಿಸಲು ಅಗಿಯುವ ನಿಕೋಟಿನ್ ಗಮ್ ಬಗ್ಗೆಯೂ ವೈದ್ಯರನ್ನು ಕೇಳಿ.

ಸದಸ್ಯರು, ಅರಸೀಕೆರೆ: ವೇಪ್‌ನಲ್ಲಿ ತಂಬಾಕಿನ ಎಲೆಯೇ ಇಲ್ಲವಲ್ಲ ಸಾರ್?

ವೈದ್ಯರು: ಚಟ ಹಿಡಿಸುವ ನಿಕೋಟಿನ್ ಇದೆ. ಕಳೆದ ವಾರವೂ ಇದನ್ನೇ ಹೇಳಿದ್ದೇನೆ.

ಸದಸ್ಯರು, ಕಡೂರು: ಲವಂಗದೆಣ್ಣೆಯನ್ನು ವೇಪ್‌ಗೆ ಹಾಕಿ ಸೇದಿದರೆ ಶ್ವಾಸಕೋಶ ಶುದ್ಧವಾಗುತ್ತದೆಂಬ ಸಂದೇಶ ಬಂದಿದೆ, ಎಲ್ಲರ ಉಪಯೋಗಕ್ಕಾಗಿ ಹಾಕಿದ್ದೇನೆ.

ವೈದ್ಯರು: ದಯವಿಟ್ಟು ಈಗಲೇ ಅಳಿಸಿ. 2019ರಲ್ಲಿ ಅಮೆರಿಕದಲ್ಲಿ ವೇಪ್ ದ್ರವದಲ್ಲಿ ಬೆರೆಸಿದ ಎಣ್ಣೆಯಂತಹ ವಿಟಮಿನ್ ಇ ಅಸಿಟೇಟ್ ಶ್ವಾಸಕೋಶಕ್ಕಿಳಿದು ಎಷ್ಟೋ ಜನ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿಯ ಹೊತ್ತಿಗೆ ಈ ಕಾಯಿಲೆಯಿಂದ 68 ಮಂದಿ ತೀರಿಕೊಂಡಿದ್ದರು. ಓದದೆ ಫಾರ್ವರ್ಡ್ ಮಾಡುವವರಿಗೆ ಇನ್ನು ಮುಂದೆ ನಾನು ಉತ್ತರಿಸುವುದಿಲ್ಲ.

ಹೋಂಸ್ಟೇ ಮಾಲೀಕರು, ಮೂಡಿಗೆರೆ: ಬ್ರಿಟನ್ನಿನಲ್ಲಿ ಸಿಗರೇಟು ಬಿಡಿಸಲು ಸರ್ಕಾರವೇ ವೇಪ್ ಕೊಡುತ್ತದೆ. ಇಲ್ಲಿ ಮಾತ್ರ ಏಕೆ ಇಷ್ಟು ಗಲಾಟೆ?

ಶಿಕ್ಷಕಿ, ಬೇಲೂರು: ಅಲ್ಲಿಯೂ ಟಿ.ವಿ.ಯಲ್ಲಿ ಅದರ ಜಾಹೀರಾತನ್ನು 2016ರಿಂದಲೇ ನಿಷೇಧಿಸಿದ್ದಾರೆ. ನಮ್ಮಲ್ಲಿ 2019ರ ಕಾಯ್ದೆಯಂತೆ ಮಾರಾಟವೂ ಜಾಹೀರಾತೂ ಅಪರಾಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ. ತಮ್ಮ ಹೋಂಸ್ಟೇ ಪುಟದಲ್ಲಿ ಬಾಲ್ಕನಿಯಲ್ಲಿ ನಿಂತು ವೇಪ್ ಹೊಗೆ ಬಿಡುವ ಅತಿಥಿಯ ಚಿತ್ರವಿದೆಯಲ್ಲ, ಅದಕ್ಕೆ ಏನೆನ್ನೋಣ?

ಹೋಂಸ್ಟೇ ಮಾಲೀಕರು: ಅದು ಮಂಜಿನ ಚಿತ್ರ ಮೇಡಂ. ಅತಿಥಿಯ ಕೈಯಲ್ಲಿ ಏನಿದೆಯೆಂದು ನಾನು ತಪಾಸಣೆ ಮಾಡಲೇ?

ಶಿಕ್ಷಕಿ: ಮಂಜು ಬಾಯಿಂದ ಬರುವುದಿಲ್ಲ.

ಸದಸ್ಯರು, ಆಲೂರು: ಪಕ್ಕದವರು ಬಿಟ್ಟ ವೇಪ್ ಹೊಗೆಯಿಂದ ಮಕ್ಕಳ ಆಸ್ತಮಾ ಕೆರಳುತ್ತದೆಯೇ?

ಹೋಂಸ್ಟೇ ಮಾಲೀಕರು: ವೈಯಕ್ತಿಕ ನಿಂದನೆ ಮಾಡುವುದಾದರೆ ಅಡ್ಮಿನ್ ಗಮನಿಸಬೇಕು.

ವೈದ್ಯರು: ಕಾನೂನಿನ ಜಗಳವನ್ನು ವಕೀಲರ ಬಳಿ ಮಾಡಿಕೊಳ್ಳಿ. ಬ್ರಿಟನ್ನಿನ ಮಾತು ಸುಳ್ಳಲ್ಲ, ಸಿಗರೇಟು ಬಿಡಲು ವೇಪ್‌ನಿಂದ ಕೆಲವರಿಗೆ ನೆರವಾಗಿರುವುದಕ್ಕೆ ಪುರಾವೆ ಇದೆ. ಆದರೆ ಅದು ಸಿಗರೇಟನ್ನು ಪೂರ್ತಿ ಬಿಟ್ಟವರ ವಿಷಯ, ಬಿಟ್ಟ ಮೇಲೆ ರೀಲ್ಸ್ ನೋಡಿ ಮರಳಿದವರದ್ದಲ್ಲ.

ತೋಟದ ರೈಟರ್: ಗಮ್ ತಂದೆ ಸಾರ್, ಕಾಫಿ ಕುಡಿಯುತ್ತಲೇ ಅಗಿದೆ, ಏನೂ ಪ್ರಯೋಜನವಾಗಲಿಲ್ಲ.

ವೈದ್ಯರು: ಕಾಫಿಯ ಆಮ್ಲದಿಂದ ಬಾಯಿಯಲ್ಲಿ ನಿಕೋಟಿನ್ ಹೀರಿಕೆ ತಗ್ಗುತ್ತದೆ. ಗಮ್‌ಗೆ ಕಾಲು ಗಂಟೆ ಮೊದಲಿನಿಂದಲೇ ಕಾಫಿ ಬೇಡ. ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ಬಳಿಕ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ.